ಪರದೆಯ ಅಂಚಿನ ಅಕ್ಷರ: ತೆಂಗಿನ ಸೀಮೆಯ ಮನೆಗಳಲ್ಲಿ ಟಿ.ವಿ. ಎಚ್ಚರಿಕೆ

ಟಿ.ವಿ. ಪರದೆಯ ಮೇಲೆ ಕಾರ್ಯಕ್ರಮದ ಮೊದಲಲ್ಲೋ ನಡುವೆಯೋ ಕಾಣಿಸಿಕೊಂಡು, ಮುಂದೆ ಬರುವ ದೃಶ್ಯ ಯಾವ ಬಗೆಯದು, ಅದನ್ನು ಯಾರು ನೋಡಬಹುದು, ಯಾರು ನೋಡದಿರುವುದು ಒಳಿತು ಎಂದು ಮುಂಚಿತವಾಗಿ ತಿಳಿಸುವ ಬರಹ, ಗುರುತು ಅಥವಾ ಮಾತನ್ನು ವೀಕ್ಷಕರ ಎಚ್ಚರಿಕೆ ಎನ್ನಬಹುದು. ಇಂಥ ಎಚ್ಚರಿಕೆ ಹೇಗಿರಬೇಕೆಂದು ಕಾನೂನು ರೂಪಿಸುವವರೂ ವಾಹಿನಿಗಳವರೂ ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಅದು ಮನೆಯಲ್ಲಿ ಕುಳಿತವರ ಗಮನಕ್ಕೆ ಬೀಳುತ್ತದೆಯೇ, ಬಿದ್ದರೆ ಅವರು ಅದರಿಂದ ಏನನ್ನು ತಿಳಿದುಕೊಳ್ಳುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಎಚ್ಚರಿಕೆಯನ್ನು ಓದುವ ಕಣ್ಣಿಗಾಗಿ ಬರೆಯಲಾಗುತ್ತಿದೆ, ಆದರೆ ಸಂಜೆಯ ಹೊತ್ತು ಈ ಸೀಮೆಯ ಮನೆಗಳು ಟಿ.ವಿ.ಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತವೆ.

ಪರದೆಯ ಮೇಲಿನ ಇಂಥ ಬರಹಗಳೆಲ್ಲ ಒಂದೇ ಜಾತಿಯವಲ್ಲ. ಚಲನಚಿತ್ರಕ್ಕೆ ಪ್ರಮಾಣಪತ್ರ ಮಂಡಳಿ ಕೊಡುವ ‘ಯು’, ‘ಯು/ಎ’, ‘ಎ’ ಎಂಬ ಗುರುತುಗಳು ವರ್ಗೀಕರಣಕ್ಕೆ ಸೇರಿದವು. ಅವು ನೋಡುವವರ ವಯಸ್ಸನ್ನು ಹೇಳುತ್ತವೆಯೇ ಹೊರತು ದೃಶ್ಯದಲ್ಲಿ ಏನಿದೆಯೆಂದು ಹೇಳುವುದಿಲ್ಲ. ಅಪಘಾತದ ಸುದ್ದಿಗೆ ಮೊದಲು ಬರುವ ‘ಈ ದೃಶ್ಯಗಳು ಮನಸ್ಸನ್ನು ಕಲಕಬಹುದು’ ಎಂಬಂಥ ವಾಕ್ಯವೇ ನಿಜವಾದ ಅರ್ಥದಲ್ಲಿ ಎಚ್ಚರಿಕೆ, ಏಕೆಂದರೆ ಅದು ನೋಡುವವನ ಹಿತಕ್ಕಾಗಿ ಆಡಿದ ಮಾತು. ಮೂರನೆಯದು ಹೊಣೆ ನಿರಾಕರಣೆ: ಕಥೆ ಮತ್ತು ಪಾತ್ರಗಳು ಕಾಲ್ಪನಿಕ, ಜ್ಯೋತಿಷಿಯ ಅಭಿಪ್ರಾಯಕ್ಕೆ ವಾಹಿನಿ ಹೊಣೆಯಲ್ಲ, ಚಿತ್ರೀಕರಣದಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ ಎಂಬ ಬರಹಗಳು ಈ ಗುಂಪಿನವು, ಮತ್ತು ಇವು ನೋಡುಗರಿಗಿಂತ ಹೆಚ್ಚಾಗಿ ನ್ಯಾಯಾಲಯವನ್ನೂ ಸರ್ಕಾರವನ್ನೂ ಉದ್ದೇಶಿಸಿ ಬರೆದವು. ವೀಕ್ಷಕರ ಪಾಲಿಗಾದರೋ ಈ ಮೂರೂ ‘ಕೆಳಗೆ ಬರೋ ಅಕ್ಷರ’ ಎಂಬ ಒಂದೇ ಹೆಸರಿನಡಿ ಸೇರಿಹೋಗಿವೆ. ತನಗೆ ಸಂಬಂಧವಿಲ್ಲದ ಬರಹ ದಿನಕ್ಕೆ ಹತ್ತು ಸಲ ಕಣ್ಣೆದುರು ಹಾದುಹೋದ ಮೇಲೆ ಹನ್ನೊಂದನೆಯದು ತನಗೇ ಹೇಳಿದ್ದೆಂದು ಯಾರಿಗೂ ಹೊಳೆಯುವುದಿಲ್ಲ. ಹೊಣೆ ನಿರಾಕರಣೆಯ ಈ ಅತಿ ಬಳಕೆಯೇ ನಿಜವಾದ ಎಚ್ಚರಿಕೆಯ ಬೆಲೆಯನ್ನು ಕಳೆದಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಇದರ ಹಿಂದಿನ ಕಾನೂನಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಚಿತ್ರಗಳನ್ನು ಎಲ್ಲರೂ ನೋಡಬಹುದಾದವು ಮತ್ತು ವಯಸ್ಕರು ಮಾತ್ರ ನೋಡಬಹುದಾದವು ಎಂದು ಬೇರ್ಪಡಿಸಿತು. ತಂದೆತಾಯಿಯ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ‘ಯು/ಎ’ ವರ್ಗ 1983ರಲ್ಲಿ ಸೇರಿತು. 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾದ ಮೇಲೆ ಹತ್ತು ಹನ್ನೆರಡು ವರ್ಷ ನಾಡಿಗೆಲ್ಲ ಸರ್ಕಾರದ ವಾಹಿನಿಯೊಂದೇ ಇದ್ದುದರಿಂದ, ಮನೆಮಂದಿಯೆಲ್ಲ ಕೂತು ನೋಡುವಂಥದ್ದನ್ನೇ ಆರಿಸಿ ಕೊಡಲಾಗುತ್ತಿತ್ತು, ಎಚ್ಚರಿಕೆಯ ಅಗತ್ಯವೇ ಕಡಿಮೆಯಿತ್ತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದು, ತಂತಿಯ ಮೂಲಕವೂ ಡಿಶ್ ಮೂಲಕವೂ ಹಲವು ವಾಹಿನಿಗಳು ಮನೆ ಹೊಕ್ಕಾಗ ಆ ಆಯ್ಕೆಯ ಭಾರ ವಾಹಿನಿಯ ಕೈಯಿಂದ ಮನೆಯವರ ಕೈಗೆ ವರ್ಗವಾಯಿತು. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿಯ ಕಾರ್ಯಕ್ರಮ ಸಂಹಿತೆ, ಮಕ್ಕಳು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಅವರಿಗೆ ತಕ್ಕದ್ದಲ್ಲದ ಕಾರ್ಯಕ್ರಮವನ್ನು ಕೊಡಬಾರದೆಂದು ಹೇಳುತ್ತದೆ. 2011ರಲ್ಲಿ ವಾಹಿನಿಗಳ ಒಕ್ಕೂಟವೇ ಸ್ಥಾಪಿಸಿದ ಪ್ರಸಾರ ವಿಷಯ ದೂರು ಮಂಡಳಿಯ ನಿಯಮಗಳು, ನಿರ್ಬಂಧಿತ ವರ್ಗದ ಕಾರ್ಯಕ್ರಮಗಳಿಗೆ ರಾತ್ರಿ 11ರಿಂದ ಬೆಳಗಿನ 5 ಗಂಟೆಯ ಅವಧಿಯನ್ನು ಗೊತ್ತುಪಡಿಸಿದವು. ಅಂತರ್ಜಾಲದಲ್ಲಿ ನೋಡುವ ಚಿತ್ರ ಮತ್ತು ಸರಣಿಗಳಿಗೆ 2021ರ ನಿಯಮಗಳು 7, 13 ಮತ್ತು 16 ವರ್ಷದ ಮಟ್ಟಗಳನ್ನು ತಂದು, ವಯಸ್ಸಿನ ಜೊತೆಗೆ ಒಳಗೇನಿದೆ ಎಂಬ ಸೂಚನೆಯನ್ನೂ ಕಡ್ಡಾಯಗೊಳಿಸಿದವು. ಇದೇ ವಯಸ್ಸಿನ ಮಟ್ಟಗಳನ್ನು 2023ರ ತಿದ್ದುಪಡಿ ಚಲನಚಿತ್ರಗಳಿಗೂ ಅನ್ವಯಿಸಿತು.

ಈ ನಿಯಮಗಳೆಲ್ಲ ತಮ್ಮ ಮನಸ್ಸಿನಲ್ಲಿ ಒಬ್ಬ ವೀಕ್ಷಕನನ್ನು ಕಲ್ಪಿಸಿಕೊಂಡಿವೆ. ಆತ ಕಾರ್ಯಕ್ರಮದ ಆರಂಭಕ್ಕೇ ಪರದೆಯ ಮುಂದೆ ಕೂತಿರುತ್ತಾನೆ, ಬರುವ ಅಕ್ಷರವನ್ನು ಓದಬಲ್ಲ, ಓದಿ ತೀರ್ಮಾನಿಸಬಲ್ಲ, ತೀರ್ಮಾನಿಸಿದ ಮೇಲೆ ಮಗುವನ್ನು ಇನ್ನೊಂದು ಕೋಣೆಗೆ ಕಳಿಸಬಲ್ಲ ಅಥವಾ ವಾಹಿನಿಯನ್ನು ಬದಲಿಸಬಲ್ಲ. ತೆಂಗಿನ ಸೀಮೆಯ ಸಂಜೆಯಲ್ಲಿ ಇಂಥ ವೀಕ್ಷಕ ಸಿಗುವುದು ಕಷ್ಟ.

ಸಂಜೆ ಡೈರಿಗೆ ಹಾಲು ಹಾಕಿ ಬಂದು, ದನಕ್ಕೆ ಮೇವು ಹಾಕಿ, ದೀಪ ಹಚ್ಚುವ ಹೊತ್ತಿಗೆ ನಡುಮನೆಯ ಟಿ.ವಿ. ಮಾತಾಡಲು ತೊಡಗಿರುತ್ತದೆ. ಧಾರಾವಾಹಿಗಳು ಒಂದರ ಹಿಂದೊಂದು ಬರುವ ಆ ಎರಡು ಮೂರು ಗಂಟೆಗಳೇ ಮನೆಯ ಹೆಂಗಸರಿಗೆ ಕೆಲಸದ ಹೊತ್ತು. ಒಬ್ಬರು ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತ ನಾಯಕಿಯ ಅಳುವನ್ನು ಕೇಳಿಸಿಕೊಳ್ಳುತ್ತಾರೆ, ಇನ್ನೊಬ್ಬರು ನಡುಮನೆಯ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಲೋ, ಅವರೆಕಾಯಿ ಸುಲಿಯುತ್ತಲೋ, ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆಗೆ ಹೊಂದಿಸುತ್ತಲೋ ಇರುತ್ತಾರೆ. ಕಡ್ಡಿ ಸೀಳುವಾಗ ಕಣ್ಣು ಕುಡುಗೋಲಿನ ಅಲಗಿನ ಮೇಲಿರಬೇಕಾಗುತ್ತದೆ. ಹಿನ್ನೆಲೆಯ ಸಂಗೀತ ಇದ್ದಕ್ಕಿದ್ದಂತೆ ಏರಿದಾಗ, ಅಥವಾ ಪರಿಚಿತ ಪಾತ್ರದ ದನಿ ಗಡುಸಾದಾಗ ಮಾತ್ರ ತಲೆಯೆತ್ತಿ ಒಮ್ಮೆ ಪರದೆಯತ್ತ ನೋಡಿ ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ಅಂದರೆ ಎಲ್ಲಿ ನೋಡಬೇಕೆಂದು ಕಣ್ಣಿಗೆ ಹೇಳುವುದು ಕಿವಿ. ಶಬ್ದವಿಲ್ಲದೆ ಬಂದು ಶಬ್ದವಿಲ್ಲದೆ ಹೋಗುವ ಬರಹಕ್ಕೆ ಈ ಏರ್ಪಾಡಿನಲ್ಲಿ ಜಾಗವೇ ಇಲ್ಲ. ಕೊಬ್ಬರಿಯ ಕೆಲಸ ಬಿರುಸಾಗಿರುವ ದಿನಗಳಲ್ಲಂತೂ, ಹೆಚ್ಚು ಕಡಿಮೆ ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿಯನ್ನು ಬೇರ್ಪಡಿಸುವ ಕೆಲಸ ರಾತ್ರಿಯವರೆಗೂ ನಡೆದು, ಅಂಗಳದಲ್ಲಿ ಕೂತವರಿಗೆ ಒಳಗಿನ ಟಿ.ವಿ. ಕೇವಲ ದನಿಯಾಗಿ ತಲುಪುತ್ತದೆ.

ಗಂಡಸರು ನೋಡುವ ಕ್ರಮ ಇನ್ನೂ ತುಂಡುತುಂಡಾದದ್ದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಬರುವುದರಿಂದ, ಬಂತೆಂದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಎದ್ದು ತೋಟಕ್ಕೆ ಹೋಗಿ ಮೋಟರು ಹಾಕಿ ಬರಬೇಕು. ಹಿಂದಿರುಗುವಾಗ ಚಿತ್ರ ಎಲ್ಲಿಗೋ ಮುಟ್ಟಿರುತ್ತದೆ. ಆರಂಭದಲ್ಲಿ ಒಮ್ಮೆ ಮಾತ್ರ ತೋರಿಸಿದ ವರ್ಗೀಕರಣದ ಗುರುತು ಹೀಗೆ ನಡುವೆ ಸೇರಿಕೊಂಡವರಿಗೆ ತಲುಪುವ ದಾರಿಯೇ ಇಲ್ಲ. ಆರಂಭಕ್ಕೆ ಕೂತವರಿಗಾದರೂ ಅದು ಕಾಣುತ್ತದೆಯೇ ಎಂದರೆ, ಪರದೆಯ ಒಂದು ಮೂಲೆಯಲ್ಲಿ ವಾಹಿನಿಯ ಲಾಂಛನ, ಇನ್ನೊಂದು ಮೂಲೆಯಲ್ಲಿ ಮುಂದಿನ ಕಾರ್ಯಕ್ರಮದ ಹೆಸರು, ಕೆಳಗೆ ಹರಿಯುವ ಜಾಹೀರಾತಿನ ಪಟ್ಟಿ, ಆಗಾಗ ಚಿತ್ರವನ್ನೇ ಒತ್ತರಿಸಿ ಪಕ್ಕದಲ್ಲೂ ಕೆಳಗೂ ಬಂದು ನಿಲ್ಲುವ ಒಡವೆಯಂಗಡಿಯ ಬಣ್ಣದ ಚೌಕಟ್ಟು, ಇಷ್ಟರ ನಡುವೆ ಎರಡೋ ಮೂರೋ ಕ್ಷಣ ನಿಂತು ಹೋಗುವ ಸಣ್ಣ ಅಕ್ಷರವನ್ನು ಹುಡುಕಿ ಓದುವುದು ಪೊರೆ ಬಂದ ಹಿರಿಯರ ಕಣ್ಣಿಗೆ ಆಗದ ಮಾತು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡ 75.36, ಮಹಿಳೆಯರದು ಶೇಕಡ 68.08. ಓದಲು ಬಾರದವರಲ್ಲಿ ಅಜ್ಜಿಯರ ಸಂಖ್ಯೆಯೇ ದೊಡ್ಡದು, ಮತ್ತು ತಂದೆತಾಯಿ ಹೊಲ, ತೋಟ, ಗಾರ್ಮೆಂಟ್ಸ್ ಎಂದು ಹೊರಗೆ ದುಡಿಯುವ ಮನೆಗಳಲ್ಲಿ ಮೊಮ್ಮಕ್ಕಳ ಜೊತೆ ಟಿ.ವಿ. ಮುಂದೆ ಕೂರುವವರೂ ಅವರೇ. ತಂದೆತಾಯಿಯ ಮಾರ್ಗದರ್ಶನ ಎಂದು ಕಾನೂನು ಯಾರನ್ನು ನೆನೆದು ಬರೆಯಿತೋ ಆ ಕೆಲಸ ಇಲ್ಲಿ ಅಜ್ಜಿಯದಾಗಿದೆ. ರಿಮೋಟು ಮಾತ್ರ ಹೆಚ್ಚಿನ ಪಾಲು ಮೊಮ್ಮಗನ ಕೈಯಲ್ಲಿರುತ್ತದೆ.

ಇಷ್ಟಾದರೂ ಈ ಮನೆಗಳಿಗೆ ತಮ್ಮದೇ ಆದ ಎಚ್ಚರಿಕೆಯ ಪದ್ಧತಿ ಇದೆ ಎಂಬುದನ್ನು ಮರೆಯಬಾರದು. ನೋಡಬಾರದ ದೃಶ್ಯ ಬರುವ ಸುಳಿವು ಸಂಗೀತದಿಂದಲೇ ಸಿಕ್ಕಾಗ ‘ಲೋ, ಬೇರೆದು ಹಾಕೋ’ ಎಂದು ಅಜ್ಜಿ ಕೂಗುವುದು, ತಾಯಿ ಮಗುವನ್ನು ನೀರು ತರಲು ಅಡುಗೆಮನೆಗೆ ಕಳಿಸುವುದು, ದೊಡ್ಡವರು ಏನೋ ಬೇರೆ ಮಾತು ತೆಗೆಯುವುದು, ಇವೆಲ್ಲ ಯಾವ ನಿಯಮವೂ ಕಲಿಸದೆ ಬಂದ ಉಪಾಯಗಳು. ಇವುಗಳ ಚಾತುರ್ಯವನ್ನು ಮೆಚ್ಚಲೇಬೇಕು. ಆದರೆ ಇವು ಪ್ರಣಯದ ದೃಶ್ಯದ ಮಟ್ಟಿಗೆ ಕೆಲಸ ಮಾಡುವಷ್ಟು ಹಿಂಸೆಯ ಅಥವಾ ಭಯದ ದೃಶ್ಯದ ಮಟ್ಟಿಗೆ ಮಾಡುವುದಿಲ್ಲ, ಏಕೆಂದರೆ ಹೊಡೆದಾಟವನ್ನು ಮಗು ನೋಡಬಾರದ್ದೆಂದು ಬಗೆಯುವ ವಾಡಿಕೆ ಮನೆಗಳಲ್ಲಿ ಬೆಳೆದಿಲ್ಲ.

ಪರದೆಯ ಎಚ್ಚರಿಕೆಗಳಲ್ಲಿ ಎಲ್ಲರ ಮನಸ್ಸಿನಲ್ಲೂ ನಿಂತದ್ದು ಒಂದೇ ಒಂದು, ಅದು ತಂಬಾಕಿನದು. 2012ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಧೂಮಪಾನ ಅಥವಾ ತಂಬಾಕು ಸೇವನೆಯ ದೃಶ್ಯವಿರುವ ಚಿತ್ರ ಮತ್ತು ಟಿ.ವಿ. ಕಾರ್ಯಕ್ರಮಗಳು ಮೊದಲಲ್ಲೂ ನಡುವೆಯೂ ಕನಿಷ್ಠ 30 ಸೆಕೆಂಡಿನ ಆರೋಗ್ಯ ಸಂದೇಶವನ್ನೂ, 20 ಸೆಕೆಂಡಿನ ದೃಶ್ಯ ಮತ್ತು ಧ್ವನಿಯ ಹೇಳಿಕೆಯನ್ನೂ ತೋರಿಸಬೇಕು; ಜೊತೆಗೆ ಸಿಗರೇಟು ಕಾಣಿಸುವಷ್ಟು ಹೊತ್ತೂ ಪರದೆಯ ತಳದಲ್ಲಿ ಬಿಳಿಯ ಪಟ್ಟಿಯ ಮೇಲೆ ಕಪ್ಪಕ್ಷರದ ಎಚ್ಚರಿಕೆ ನಿಲ್ಲಬೇಕು. ಗುಟ್ಕಾ ಅಗಿದು ಬಾಯಿ ಕ್ಯಾನ್ಸರಿಗೆ ತುತ್ತಾದ ಯುವಕನ ಕಥೆ, ಊರೆಲ್ಲ ಹೊಗೆ ತುಂಬಿದೆಯೆಂದು ಗಂಭೀರ ದನಿಯಲ್ಲಿ ಕೇಳುವ ಸಂದೇಶ, ಸ್ಪಂಜನ್ನು ಹಿಂಡಿ ಕಪ್ಪು ಟಾರನ್ನು ಬಟ್ಟಲಿಗೆ ಇಳಿಸುವ ಕೈ, ಇವು ಅಕ್ಷರ ಬಾರದ ಮಕ್ಕಳಿಗೂ ಗೊತ್ತು. ಅದೇ ದನಿಯನ್ನು ಅನುಕರಿಸಿ ಆಡುವ ಮಕ್ಕಳು ಪ್ರತಿ ಊರಿನಲ್ಲೂ ಸಿಗುತ್ತಾರೆ. ತಳದಲ್ಲಿ ನಿಲ್ಲುವ ಕಪ್ಪಕ್ಷರದ ಸಾಲು ಮಾತ್ರ ಯಾರ ಮಾತಿನಲ್ಲೂ ಬರುವುದಿಲ್ಲ. ಒಂದೇ ನಿಯಮ, ಒಂದೇ ಉದ್ದೇಶ, ಒಂದೇ ಪರದೆ ಆಗಿದ್ದೂ ಮಾತಿನ ರೂಪದ್ದು ಉಳಿಯಿತು, ಬರಹದ ರೂಪದ್ದು ಅಳಿಯಿತು. ಕನ್ನಡದಲ್ಲಿ, ನಿಧಾನವಾಗಿ, ಚಿತ್ರದ ಜೊತೆಗೂಡಿ, ಮತ್ತೆ ಮತ್ತೆ ಹೇಳಿದ್ದು ಮನೆಯ ಮೂಲೆಮೂಲೆಗೂ ತಲುಪುತ್ತದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ತಲುಪಿದ ಮೇಲೆ ಬೀಡಿ ಬಿಟ್ಟವರೆಷ್ಟು ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಚಟದ ಬಲ, ಸಂಗಾತಿಗಳ ಒತ್ತಾಯ ಮುಂತಾದ ಬೇರೆ ಕಾರಣಗಳೂ ಸೇರುತ್ತವೆ.

ಮಾತಿನಲ್ಲಿ ಹೇಳಿದ ಮಾತ್ರಕ್ಕೆ ಎಲ್ಲವೂ ತಿಳಿಯುತ್ತದೆ ಎಂದೂ ಅಲ್ಲ. ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಬರುವ ಅಪಾಯದ ಸೂಚನೆಯ ವೇಗವನ್ನು ಕಂಡು, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಇಂಗ್ಲಿಷಿನ 14 ಪದಗಳ ಆ ಸೂಚನೆಗೆ ಕನಿಷ್ಠ 5 ಸೆಕೆಂಡು ಕೊಡಬೇಕೆಂದು ಹೇಳಬೇಕಾಯಿತು. ಜಾಹೀರಾತುಗಳ ಗುಣಮಟ್ಟ ನೋಡಿಕೊಳ್ಳುವ ಆಸ್ಕಿ ಸಂಸ್ಥೆಯೂ ಸೂಚನೆಯ ಪ್ರತಿ ಸಾಲು 4 ಸೆಕೆಂಡಿಗಿಂತ ಹೆಚ್ಚು ಕಾಲ ಪರದೆಯ ಮೇಲಿರಬೇಕೆಂದೂ, ಜಾಹೀರಾತಿನ ಭಾಷೆಯಲ್ಲೇ ಇರಬೇಕೆಂದೂ ವಿಧಿಸಿದೆ. ಸಾಬೂನು ಮಾರುವ ಜಾಹೀರಾತಿಗೆ ಇಷ್ಟು ಕರಾರುವಾಕ್ಕಾದ ಅಳತೆ ಇರುವಾಗ, ಮಗುವಿನ ಮನಸ್ಸನ್ನು ಕಾಯಬೇಕಾದ ಎಚ್ಚರಿಕೆಗೆ ಅದಕ್ಕಿಂತ ಸಡಿಲವಾದ ಅಳತೆ ಸಾಕೆನ್ನುವುದು ನ್ಯಾಯವಲ್ಲ.

ಗಮನಕ್ಕೆ ಬಂದ ಎಚ್ಚರಿಕೆ ಹೇಗೆ ಅರ್ಥವಾಗುತ್ತದೆ ಎಂಬುದು ಇದರ ಮುಂದಿನ ಹಂತ. ಕಥೆ ಕಾಲ್ಪನಿಕ ಎಂಬ ಹೇಳಿಕೆಯನ್ನು ತೆಗೆದುಕೊಂಡರೆ, ಅದು ದೊಡ್ಡವರಿಗೆ ಬೇಕಿಲ್ಲ. ಹಾಸ್ಯನಟ ನರಸಿಂಹರಾಜು ಹುಟ್ಟಿದ್ದು ತಿಪಟೂರಿನಲ್ಲಿ, ನಟಿ ಉಮಾಶ್ರೀ ಅದೇ ತಾಲ್ಲೂಕಿನ ನೊಣವಿನಕೆರೆಯವರು. ನೊಣವಿನಕೆರೆಯ ಹೆಣ್ಣುಮಗಳೇ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ನಟಿಸಿದವರೆಂದು ಬಲ್ಲ ಸೀಮೆಗೆ ನಟನೆಯಾವುದು, ಬದುಕಾವುದು ಎಂದು ಬರಹದಲ್ಲಿ ತಿಳಿಸಬೇಕಾಗಿಲ್ಲ. ಆ ಹೇಳಿಕೆ ನಿಜವಾಗಿ ಬೇಕಾಗಿರುವುದು ಆರೇಳು ವರ್ಷದ ಮಕ್ಕಳಿಗೆ, ಏಕೆಂದರೆ ತೋರಿಕೆಯನ್ನೂ ವಾಸ್ತವವನ್ನೂ ಖಚಿತವಾಗಿ ಬೇರ್ಪಡಿಸುವ ಶಕ್ತಿ ಆ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತದೆ. ಅವರಿಗಾದರೋ ಅದನ್ನು ಓದಲು ಬರುವುದಿಲ್ಲ. 1997ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಶಕ್ತಿಮಾನ್’ ಧಾರಾವಾಹಿಯ ಕಾಲದಲ್ಲೇ ಮಕ್ಕಳು ಅನುಕರಿಸುವ ಆತಂಕ ಎದ್ದಾಗ, ನಾಯಕನ ಪಾತ್ರ ವಹಿಸಿದ್ದ ಮುಖೇಶ್ ಖನ್ನಾ ತಾವೇ ಪರದೆಯ ಮೇಲೆ ಬಂದು ಮಕ್ಕಳೊಂದಿಗೆ ನೇರವಾಗಿ ಮಾತಾಡಿ ತಿಳಿಹೇಳಿದ್ದರು. 2017ರ ನವೆಂಬರಿನಲ್ಲಿ ಹರಿಹರದ ಏಳು ವರ್ಷದ ಬಾಲಕಿಯೊಬ್ಬಳು ಧಾರಾವಾಹಿಯೊಂದರಲ್ಲಿ ಕಂಡ ಬೆಂಕಿಯ ದೃಶ್ಯವನ್ನು ಅನುಕರಿಸಲು ಹೋಗಿ ಸುಟ್ಟಗಾಯಗಳಿಂದ ತೀರಿಕೊಂಡಳೆಂದು ಪತ್ರಿಕೆಗಳು ವರದಿ ಮಾಡಿದವು. ಆ ವಯಸ್ಸಿನ ಮಗುವಿಗೆ ಬರಹದ ಎಚ್ಚರಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಗು ನಂಬುವ ದನಿಯೊಂದು ಮಗುವಿನ ಭಾಷೆಯಲ್ಲಿ ‘ಇದು ಆಟ, ಹೀಗೆ ಮಾಡಬಾರದು’ ಎಂದು ಹೇಳಿದರೆ ಮಾತ್ರ ಅದಕ್ಕೆ ಕಿಂಚಿತ್ತಾದರೂ ಫಲವುಂಟು.

ವಯಸ್ಸಿನ ಅಂಕಿಗಳ ಪಾಡು ಇನ್ನೊಂದು ಬಗೆಯದು. ‘ಯು/ಎ 16+’ ಎಂಬುದು ರೋಮನ್ ಅಕ್ಷರ ಮತ್ತು ಅಂಕಿಗಳ ಗುಂಪಾದ್ದರಿಂದ ಹಿರಿಯರಿಗೆ ಅದು ವಾಹಿನಿಯ ಲಾಂಛನದಂತೆಯೇ ಇನ್ನೊಂದು ಚಿಹ್ನೆಯಾಗಿ ಕಾಣುತ್ತದೆ, ಓದಬಲ್ಲ ಹುಡುಗರಿಗೆ ಆಹ್ವಾನವಾಗಿ ಕಾಣುತ್ತದೆ. ಅಮೆರಿಕದಲ್ಲಿ 1990ರ ದಶಕದ ನಡುವೆ ಟಿ.ವಿ. ಹಿಂಸೆಯ ಬಗ್ಗೆ ನಡೆದ ರಾಷ್ಟ್ರೀಯ ಅಧ್ಯಯನದ ಭಾಗವಾಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋನ್ ಕ್ಯಾಂಟರ್ ಮತ್ತು ಸಂಗಡಿಗರು ಮಕ್ಕಳನ್ನು ಪರೀಕ್ಷಿಸಿದಾಗ, ವಯಸ್ಸಿನ ನಿರ್ಬಂಧ ಹೇಳುವ ಗುರುತುಗಳು ಹುಡುಗರ, ಅದರಲ್ಲೂ ಸ್ವಲ್ಪ ದೊಡ್ಡ ಹುಡುಗರ ಕುತೂಹಲವನ್ನು ತಗ್ಗಿಸುವ ಬದಲು ಹೆಚ್ಚಿಸಿದವು. 1996ರಲ್ಲಿ ಬ್ರಾಡ್ ಬುಶ್‌ಮನ್ ಮತ್ತು ಏಂಜೆಲಾ ಸ್ಟ್ಯಾಕ್ ಪ್ರಕಟಿಸಿದ ಪ್ರಯೋಗಗಳಲ್ಲೂ ಎಚ್ಚರಿಕೆಯ ಚೀಟಿ ಹಿಂಸೆಯ ಕಾರ್ಯಕ್ರಮಗಳತ್ತ ಸೆಳೆತವನ್ನು ಕೆರಳಿಸಿತ್ತು. ಮನಸ್ಸನ್ನು ಕಲಕುವ ವಿಷಯಕ್ಕೆ ಮುನ್ನ ಕೊಡುವ ಸೂಚನೆಗಳ ಬಗ್ಗೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಕ್ಟೋರಿಯಾ ಬ್ರಿಜ್‌ಲ್ಯಾಂಡ್ ಮತ್ತು ಸಹಲೇಖಕರು 2023ರಲ್ಲಿ ಮಾಡಿದ ವಿಶ್ಲೇಷಣೆ, ಅಂಥ ಸೂಚನೆ ನೋಡುವ ಮೊದಲಿನ ಆತಂಕವನ್ನು ಹೆಚ್ಚಿಸುತ್ತದೆ, ನೋಡಿದಾಗಿನ ನೋವನ್ನು ಕಡಿಮೆ ಮಾಡುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ಇವುಗಳಿಂದ ಎಚ್ಚರಿಕೆಯೇ ನಿಷ್ಫಲವೆಂದು ತೀರ್ಮಾನಿಸುವುದು ದುಡುಕಾದೀತು. ಈ ಸಂಶೋಧನೆಗಳು ಬಹುಮಟ್ಟಿಗೆ ಒಬ್ಬೊಬ್ಬರಾಗಿ ಕೂತು ಓದಿ ಆರಿಸುವವರನ್ನು ಕುರಿತವು. ಐದಾರು ಜನ ಒಂದೇ ಪರದೆಯ ಮುಂದಿರುವ ಮನೆಯಲ್ಲಿ ಎಚ್ಚರಿಕೆಯ ಕೆಲಸ ಒಬ್ಬನ ನೋವನ್ನು ತಗ್ಗಿಸುವುದಕ್ಕಿಂತ ಹೆಚ್ಚಾಗಿ, ದೊಡ್ಡವರಿಗೆ ವಾಹಿನಿ ಬದಲಿಸಲು ಅರ್ಧ ನಿಮಿಷದ ಅವಕಾಶ ಕೊಡುವುದು.

ಹಾಗಾದರೆ ಆ ಅರ್ಧ ನಿಮಿಷದಲ್ಲಿ ಹೇಳಬೇಕಾದುದು ಅಂಕಿಯನ್ನಲ್ಲ, ಒಳಗಿರುವುದನ್ನು: ‘ಮುಂದಿನ ಭಾಗದಲ್ಲಿ ಹೆಂಗಸನ್ನು ಹೊಡೆಯುವ ದೃಶ್ಯವಿದೆ’, ‘ರಕ್ತ ಕಾಣಿಸುತ್ತದೆ’, ‘ಚಿಕ್ಕ ಮಕ್ಕಳು ಹೆದರಬಹುದು’ ಎಂದು ಕನ್ನಡದಲ್ಲಿ ಕೇಳುವಂತೆ ಹೇಳಿದರೆ ಒಲೆಯ ಮುಂದಿನ ತಾಯಿಯೂ ಅಲ್ಲಿಂದಲೇ ಕೂಗಿ ಹೇಳಬಲ್ಲಳು. ಜಾಹೀರಾತಿನ ಬಿಡುವು ಮುಗಿದಾಗಲೆಲ್ಲ ಅದನ್ನು ಮತ್ತೆ ಹೇಳಿದರೆ ತೋಟದಿಂದ ಮೋಟರು ಹಾಕಿ ಬಂದವರಿಗೂ ತಲುಪುತ್ತದೆ. ಕಿವಿ ಕೇಳದವರಿಗಾಗಿ ಬರಹವೂ ಇರಲೇಬೇಕು, ಅದು ಕನ್ನಡದಲ್ಲಿ, ಓದಲು ಆಗುವಷ್ಟು ದೊಡ್ಡದಾಗಿ ಇರಬೇಕು. ಓದಲಾಗದವರಿಗೆ ಚಿತ್ರ ಸಾಕು: ನೆದರ್‌ಲ್ಯಾಂಡ್ಸ್ 2001ರಲ್ಲಿ ತಂದ ‘ಕೈಕ್‌ವೈಜರ್’ ಎಂಬ ಪದ್ಧತಿಯಲ್ಲಿ ಹಿಂಸೆಗೆ ಮುಷ್ಟಿ, ಭಯಕ್ಕೆ ಜೇಡ, ಒರಟು ಮಾತಿಗೆ ಬಾಯಿ ಎಂಬ ಚಿತ್ರಗಳು ವಯಸ್ಸಿನ ಅಂಕಿಯ ಜೊತೆಗೇ ಬರುತ್ತವೆ. ಚಿತ್ರದ ಮೂಲಕ ತಿಳಿಸುವ ವಿದ್ಯೆ ಭಾರತಕ್ಕೆ ಹೊಸತಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲೇ ಅಕ್ಷರ ಬಾರದ ಮತದಾರರು ಚಿಹ್ನೆ ನೋಡಿ ಮತ ಹಾಕಿದ್ದರು, 2009ರಿಂದ ಸಿಗರೇಟು ಮತ್ತು ಬೀಡಿ ಪೊಟ್ಟಣಗಳ ಮೇಲೂ ಚಿತ್ರದ ಎಚ್ಚರಿಕೆ ಬಂದಿದೆ.

ಸುದ್ದಿ ವಾಹಿನಿಗಳ ವಿಷಯದಲ್ಲಿ ಎಚ್ಚರಿಕೆ ಒಂದು ನೆಪವಾಗುವ ಅಪಾಯ ಹೆಚ್ಚು. ದೃಶ್ಯ ಕಲಕಬಹುದೆಂದು ಒಮ್ಮೆ ಬರೆದು, ಅದೇ ಅಪಘಾತವನ್ನು ಗಂಟೆಗಟ್ಟಲೆ ಸುತ್ತಿ ಸುತ್ತಿ ತೋರಿಸಿದರೆ ಬರೆದದ್ದಕ್ಕೆ ಅರ್ಥವಿಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ಜನವರಿ 9ರಂದು ಹೊರಡಿಸಿದ ಸಲಹೆ, ಟಿ.ವಿ.ಯನ್ನು ಮನೆಗಳಲ್ಲಿ ಹಿರಿಯರು, ನಡುವಯಸ್ಸಿನವರು, ಮಕ್ಕಳು ಎಲ್ಲ ಸೇರಿ ನೋಡುತ್ತಾರೆಂಬುದನ್ನೇ ಎತ್ತಿ ಹೇಳಿ ಇಂಥ ದೃಶ್ಯಗಳನ್ನು ತಡೆಯಲು ಸೂಚಿಸಿತು. ಆತ್ಮಹತ್ಯೆಯ ಸುದ್ದಿಯ ಜೊತೆ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡುವುದು ಮಾತ್ರ ಒಳ್ಳೆಯ ರೂಢಿ, ಏಕೆಂದರೆ ಅಲ್ಲಿ ಎಚ್ಚರಿಕೆ ಹೆದರಿಸಿ ಸುಮ್ಮನಾಗದೆ ಮುಂದೇನು ಮಾಡಬೇಕೆಂಬುದನ್ನೂ ಹೇಳುತ್ತದೆ. ಅದನ್ನು ಓದಿ ಹೇಳಿದರೆ ಇನ್ನೂ ಒಳ್ಳೆಯದು.

ತಪ್ಪು ಕಂಡಾಗ ದೂರಲು ದಾರಿಗಳಿವೆ. 2021ರ ಜೂನ್‌ನಲ್ಲಿ ತಿದ್ದಿದ ಕೇಬಲ್ ನಿಯಮಗಳ ಪ್ರಕಾರ ವಾಹಿನಿಗೇ ಮೊದಲು ದೂರು ಕೊಡಬಹುದು, ವಾಹಿನಿ 24 ಗಂಟೆಯೊಳಗೆ ಸ್ವೀಕೃತಿ ತಿಳಿಸಿ 15 ದಿನದೊಳಗೆ ಉತ್ತರಿಸಬೇಕು, ತೃಪ್ತಿಯಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಮಂಡಳಿಗೆ ಮೇಲ್ಮನವಿ ಹೋಗಬಹುದು. ವಾಹಿನಿಯ ಹೆಸರು, ಕಾರ್ಯಕ್ರಮ, ದಿನಾಂಕ, ಹೊತ್ತು ಇಷ್ಟನ್ನು ಗುರುತು ಹಾಕಿಕೊಂಡರೆ ದೂರಿಗೆ ಆಧಾರ ಸಿಕ್ಕಂತೆ. ಇದಲ್ಲದೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಉಸ್ತುವಾರಿ ಸಮಿತಿ ಇರಬೇಕೆಂಬ ಕೇಂದ್ರದ ಆದೇಶ 2005ರಿಂದ ಇದೆ, ಮತ್ತು ಪೊಲೀಸ್ ವರಿಷ್ಠಾಧಿಕಾರಿಯ ಜೊತೆಗೆ ಜಿಲ್ಲೆಯ ಒಂದು ಮಹಿಳಾ ಕಾಲೇಜಿನ ಪ್ರಾಂಶುಪಾಲರೂ, ಮಕ್ಕಳ ಮತ್ತು ಮಹಿಳೆಯರ ಕ್ಷೇತ್ರದಲ್ಲಿ ದುಡಿಯುವ ಸಂಸ್ಥೆಗಳವರೂ ಅದರಲ್ಲಿರಬೇಕೆಂದು ಆ ಆದೇಶವೇ ಹೇಳುತ್ತದೆ. ತೆಂಗಿನ ಸೀಮೆಯ ಕಾಲೇಜುಗಳಿಗೆ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು, ಹಿಂದಿನ ರಾತ್ರಿ ತಮ್ಮ ಮನೆಯಲ್ಲಿ ಯಾವ ಎಚ್ಚರಿಕೆ ಬಂತು, ಅಜ್ಜಿಗೆ ಅದು ತಿಳಿಯಿತೇ, ತಾಯಿ ಆಗ ಯಾವ ಕೆಲಸದಲ್ಲಿದ್ದರು, ತಮ್ಮ ಏನು ಮಾಡಿದ ಎಂದು ಒಂದು ವಾರ ಬರೆದಿಟ್ಟರೆ ಸಾಕು, ನಿಯಮ ರೂಪಿಸುವವರ ಕೈಯಲ್ಲಿ ಇವತ್ತು ಇಲ್ಲದ ತಿಳಿವಳಿಕೆ ಆ ಸಮಿತಿಯ ಮೇಜಿನ ಮೇಲೆ ಬಂದು ಕೂರುತ್ತದೆ.